ನರಹುಲಿ ಹೇಳದ ತಾರೀಖು

ಕೈಬೆರಳಿಗೆ ನರಹುಲಿ ಎದ್ದರೆ ಮನೆಮಂದಿಗೆಲ್ಲ ತೋರಿಸುವುದುಂಟು. ಅದೇ ಗುಪ್ತಾಂಗದಲ್ಲಿ ಕಂಡರೆ ಬಾಯಿ ಕಟ್ಟುತ್ತದೆ. ಹೊಸದಾಗಿ ಮದುವೆಯಾದವರಲ್ಲಂತೂ ರೋಗದ ಭಯಕ್ಕಿಂತ ಮೊದಲು ಸಂಶಯ ಹುಟ್ಟುತ್ತದೆ: ಇದು ಯಾರಿಂದ ಬಂತು?

ಆ ಪ್ರಶ್ನೆಗೆ ನರಹುಲಿ ಉತ್ತರ ಹೇಳದು. ಇದನ್ನು ತರುವುದು ಎಚ್‌ಪಿವಿ ಎಂಬ ವೈರಸ್; ಹೆಚ್ಚಾಗಿ ಅದರ 6 ಮತ್ತು 11ನೇ ತಳಿಗಳು. ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಅಂಟಿದ ಮೇಲೆ ಗಂಟು ಏಳಲು ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯಬಹುದು. ಎಷ್ಟೋ ಜನರಲ್ಲಿ ಏಳುವುದೇ ಇಲ್ಲ. ಹಾಗಾಗಿ ಇಂದು ಕಂಡ ಗಂಟು ನಿನ್ನೆಯ ದ್ರೋಹಕ್ಕೆ ಸಾಕ್ಷಿಯಲ್ಲ.

ಸಂಗಾತಿಗೆ ಹೇಳುವುದೂ ಇಷ್ಟೇ: "ನನಗೆ ಹೀಗಾಗಿದೆ. ಯಾವಾಗ ಅಂಟಿತೋ ಹೇಳಲು ಬರುವುದಿಲ್ಲವಂತೆ. ಇಬ್ಬರೂ ಡಾಕ್ಟರ ಬಳಿ ಹೋಗೋಣ." ತಪ್ಪೊಪ್ಪಿಗೆಯ ಧಾಟಿ ಬೇಡ. ಆದರೆ ಈ ಮಾತು ಕೂಡುವ ಮೊದಲು ಆಗಬೇಕು, ಆಮೇಲಲ್ಲ. ನಿರೋಧ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯದು.

ಕೈಕಾಲಿನ ನರಹುಲಿಗೆ ಹಚ್ಚುವ ಆಸಿಡ್ ಮದ್ದು, ಸುಣ್ಣ ಇಲ್ಲಿ ಸಲ್ಲದು, ಚರ್ಮ ಸುಟ್ಟೀತು. ಚರ್ಮರೋಗ ತಜ್ಞರು ಮುಲಾಮು ಕೊಡುತ್ತಾರೆ, ಇಲ್ಲವೇ ಹೆಪ್ಪುಗಟ್ಟಿಸಿ ತೆಗೆಯುತ್ತಾರೆ. ಮತ್ತೆ ಬಂದರೂ ಗಾಬರಿ ಬೇಡ. ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣ ಬೇರೆ ತಳಿಗಳು, 16 ಮತ್ತು 18.

ಈ ನಾಲ್ಕೂ ತಳಿಗಳಿಗೆ ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. 9ರಿಂದ 14 ವರ್ಷದೊಳಗೆ ಎರಡು ಡೋಸ್. ಹೆಣ್ಣುಮಕ್ಕಳಿಗೆ ಮಾತ್ರ ಎಂದುಕೊಂಡ ಪೋಷಕರೇ ಹೆಚ್ಚು, ಗಂಡುಮಕ್ಕಳಿಗೂ ಹಾಕಿಸಬಹುದು.