ಕೆಮ್ಮಿದರೆ ಮೂತ್ರ ಜಿನುಗುವುದೇ? ಚುಚ್ಚುಮದ್ದಿನ ಚಿಕಿತ್ಸೆಯೂ ಇದೆ

ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಜಿನುಗುವ ತೊಂದರೆ ಅನೇಕ ತಾಯಂದಿರಿಗಿದೆ. ಬಟ್ಟೆ ಬದಲಿಸಿ ಮತ್ತೆ ಮತ್ತೆ ವುಝೂ ಮಾಡಬೇಕಾಗುತ್ತದೆಂದು ಮದುವೆ, ಪ್ರಯಾಣಗಳನ್ನೇ ಬಿಟ್ಟವರಿದ್ದಾರೆ. ನಾಚಿಕೆಯಿಂದ ಮನೆಯವರಿಗೂ ಹೇಳುವುದಿಲ್ಲ. ಆದರೆ ಇದು ವಯಸ್ಸಾಯಿತೆಂದು ಸಹಿಸಿಕೊಳ್ಳಬೇಕಾದ ಸಂಗತಿಯಲ್ಲ, ಇದಕ್ಕೆ ಚಿಕಿತ್ಸೆಯಿದೆ.

ಹೆರಿಗೆ, ಬೊಜ್ಜು, ಮುಟ್ಟು ನಿಲ್ಲುವುದು, ಹಳೆಯ ಕೆಮ್ಮು ಮುಂತಾದ ಕಾರಣಗಳಿಂದ ಮೂತ್ರಕೋಶಕ್ಕೆ ಆಧಾರವಾಗಿರುವ ಸ್ನಾಯುಗಳು ಸಡಿಲವಾಗುತ್ತವೆ. ಆಗ ಮೂತ್ರನಾಳ ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಹೊಟ್ಟೆಯ ಮೇಲೆ ಒತ್ತಡ ಬಿದ್ದೊಡನೆ ಮೂತ್ರ ಸೋರುತ್ತದೆ.

ಮೊದಲ ಚಿಕಿತ್ಸೆ ವ್ಯಾಯಾಮ. ಮೂತ್ರ ತಡೆಹಿಡಿಯಲು ಬಳಸುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸಬೇಕು. ಒಮ್ಮೆಗೆ ಕನಿಷ್ಠ 8 ಸಲದಂತೆ ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ತೂಕ ಇಳಿಸುವುದು ಮತ್ತು ಮಲಬದ್ಧತೆ ನಿವಾರಿಸಿಕೊಳ್ಳುವುದೂ ಮುಖ್ಯ.

ಇದರಿಂದ ಗುಣ ಕಾಣದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಅಥವಾ ಅದನ್ನು ತಾಳಲಾರದವರಿಗೆ ಚುಚ್ಚುಮದ್ದು ಒಂದು ದಾರಿ. ವೈದ್ಯರು ತೆಳುವಾದ ದರ್ಶಕ ನಳಿಕೆಯ ಮೂಲಕ ನೋಡುತ್ತಾ ಮೂತ್ರನಾಳದ ಒಳಗೋಡೆಯ 3-4 ಕಡೆ ಜೆಲ್ ಅಥವಾ ಸಿಲಿಕೋನ್‌ನಂಥ ವಸ್ತುವನ್ನು ಚುಚ್ಚುತ್ತಾರೆ. ಗೋಡೆ ಉಬ್ಬಿ ನಾಳ ಕಿರಿದಾಗುತ್ತದೆ, ಸೋರಿಕೆ ತಗ್ಗುತ್ತದೆ. ಈಗ ಬಳಕೆಯಲ್ಲಿರುವ ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಶೇ. 97.5ರಷ್ಟು ನೀರೇ ಇದೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದಾದ್ದರಿಂದ ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ಇದರ ಮಿತಿಯನ್ನೂ ತಿಳಿದಿರಬೇಕು. ಶಸ್ತ್ರಚಿಕಿತ್ಸೆಯಷ್ಟು ಪರಿಣಾಮ ಇದರಿಂದ ಸಿಗುವುದಿಲ್ಲ. ಪರಿಣಾಮ ಕಾಲಕ್ರಮೇಣ ಕುಗ್ಗಬಹುದು, ಮತ್ತೆ ಚುಚ್ಚಿಸಿಕೊಳ್ಳಬೇಕಾಗಬಹುದು. ಕೆಲವು ದಿನ ಉರಿ, ಮೂತ್ರದಲ್ಲಿ ತುಸು ರಕ್ತ ಕಾಣಬಹುದು. ಮೂತ್ರ ಕಟ್ಟಿಕೊಂಡರೆ ಅಥವಾ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೂತ್ರದ ಸೋಂಕು ಇರುವಾಗ ಈ ಚಿಕಿತ್ಸೆ ಮಾಡುವುದಿಲ್ಲ.

ಬೊಟಾಕ್ಸ್ ಚುಚ್ಚುಮದ್ದು ಬೇರೆ. ಅದು ಅವಸರ ಬಂದು, ಶೌಚಾಲಯ ತಲಪುವ ಮೊದಲೇ ಮೂತ್ರ ಹೋಗುವವರಿಗೆ. ಅದನ್ನು ಮೂತ್ರಕೋಶದ ಸ್ನಾಯುವಿಗೆ ಕೊಡುತ್ತಾರೆ. ಕೆಮ್ಮಿದಾಗಿನ ಸೋರಿಕೆಗೆ ಅದು ಮದ್ದಲ್ಲ. ಆದ್ದರಿಂದ ಯಾವಾಗ, ಹೇಗೆ ಸೋರುತ್ತದೆಂದು 3 ದಿನ ಬರೆದಿಟ್ಟುಕೊಂಡು ಸ್ತ್ರೀರೋಗ ಅಥವಾ ಮೂತ್ರರೋಗ ತಜ್ಞರಿಗೆ ತೋರಿಸಿ.

ಚಿಕಿತ್ಸೆ ಫಲಿಸುವವರೆಗೆ ನಮಾಝ್ ಬಿಡಬೇಕಾಗಿಲ್ಲ. ಸೋರಿಕೆ ನಿಲ್ಲದವರಿಗೆ ಶರೀಅತ್‌ನಲ್ಲಿ ರಿಯಾಯಿತಿಯಿದೆ. ಅದರ ಕ್ರಮವನ್ನು ವಿದ್ವಾಂಸರಿಂದ ಕೇಳಿ ತಿಳಿಯಿರಿ. ವೈದ್ಯರ ಮುಂದೆಯಂತೂ ನಾಚಿಕೆ ಬೇಡ.