ವೇದಾವತಿಗೆ ನೀರಷ್ಟೇ ಸಾಲದು, ಮರಳೂ ಬೇಕು: ದುಡ್ಡು ಎಲ್ಲೆಲ್ಲಿದೆ, ಕೇಳೋರು ಯಾರು?

ಚಳ್ಳಕೆರೆ: 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜನ ಕುಟುಂಬ ಸಮೇತ ಮಾರಿಕಣಿವೆಗೆ ಹೋಗಿ ನೋಡಿ ಬಂದರು. 1933ರ ನಂತರ ಡ್ಯಾಂ ತುಂಬಿ ಹರಿದಿದ್ದು ಅದೇ ಮೊದಲು, ಅಂದರೆ 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಇಷ್ಟೆಲ್ಲ ನೀರು ಕಂಡ ಮೇಲೂ ಬೇಸಿಗೆ ಬಂತೆಂದರೆ ವೇದಾವತಿ ದಂಡೆಯ ಊರುಗಳಲ್ಲಿ ಅದೇ ಹಳೇ ಪ್ರಶ್ನೆ: ಹೊಳೆ ಬಂದು ಹೋಯ್ತು, ನೀರು ಯಾಕೆ ನಿಲ್ಲಲಿಲ್ಲ?

ಉತ್ತರ ಹೊಳೆಯ ಪಾತ್ರದಲ್ಲೇ ಇದೆ. ನೀರು ಹಿಡಿದಿಟ್ಟುಕೊಳ್ಳಬೇಕಾದ ಮರಳು ಹೋಗಿದೆ, ದಂಡೆಯ ಮರಗಳ ಜಾಗಕ್ಕೆ ಬಳ್ಳಾರಿ ಜಾಲಿ ಬಂದಿದೆ. ಇದನ್ನು ಸರಿಪಡಿಸೋಕೆ ಆಗದೇ ಇಲ್ಲ. ದುಡ್ಡೂ ಇಲ್ಲ ಅಂತಲ್ಲ. ಆದರೆ ಅದು ಐದಾರು ಇಲಾಖೆಗಳ ಐದಾರು ಪೆಟ್ಟಿಗೆಗಳಲ್ಲಿ ಹಂಚಿಹೋಗಿದೆ. 'ಹೊಳೆ' ಅಂತ ಹೆಸರು ಬರೆದ ಪೆಟ್ಟಿಗೆ ಮಾತ್ರ ಒಂದೂ ಇಲ್ಲ.

ಮರಳೇ ನೀರಿನ ತೊಟ್ಟಿ

ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಸೇರಿ ವೇದಾವತಿ ಆಗುತ್ತದೆ. ಹಿರಿಯೂರು ತಾಲ್ಲೂಕಿನಲ್ಲಿ ವಾಣಿವಿಲಾಸ ಸಾಗರ ದಾಟಿ, ಚಳ್ಳಕೆರೆ ತಾಲ್ಲೂಕಿನ ನಾರಾಯಣಪುರ, ಪರಶುರಾಂಪುರ ಭಾಗದಲ್ಲಿ ಹರಿದು ಆಂಧ್ರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಅದರ ಹೆಸರು ಹಗರಿ. ಬಳ್ಳಾರಿ ಜಿಲ್ಲೆ ಹಾದು ಕೊನೆಗೆ ತುಂಗಭದ್ರೆ ಸೇರುತ್ತದೆ. ಮೊಳಕಾಲ್ಮುರು ತಾಲ್ಲೂಕಿನ ಚಿನ್ನ ಹಗರಿ ಇದರದೇ ಉಪನದಿ. ರಂಗಯ್ಯನದುರ್ಗ ಜಲಾಶಯ ಇರುವುದು ಆ ಹೊಳೆಗೇ.

1907ರಲ್ಲಿ ಡ್ಯಾಂ ಮುಗಿದ ಮೇಲೆ ಕೆಳಗಿನ ಊರುಗಳಿಗೆ ಹೊಳೆ ಬರುವುದು ಎರಡೇ ಸಂದರ್ಭದಲ್ಲಿ: ಒಳ್ಳೆ ಮಳೆ ಬಿದ್ದಾಗ, ಇಲ್ಲವೇ ಮೇಲಿಂದ ನೀರು ಬಿಟ್ಟಾಗ. ಮಿಕ್ಕ ದಿನ ಜನರನ್ನು ಸಾಕುತ್ತಿದ್ದದ್ದು ಮರಳು. ಬೇಸಿಗೆಯಲ್ಲಿ ಮರಳು ತೋಡಿ ಒರತೆ ಮಾಡಿಕೊಂಡು ಬಿಂದಿಗೆ ತುಂಬುತ್ತಿದ್ದುದನ್ನು ಹಿರಿಯರು ಇವತ್ತಿಗೂ ಹೇಳುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಒಂದು ಕಿಲೋಮೀಟರ್ ಉದ್ದ, 100 ಮೀಟರ್ ಅಗಲ, 3 ಮೀಟರ್ ಆಳದ ಮರಳಿನ ಹಾಸು ಇದೆ ಅಂದುಕೊಳ್ಳಿ. ಕಣಗಳ ನಡುವಿನ ಖಾಲಿ ಜಾಗ ಒಟ್ಟು ಗಾತ್ರದ ಕಾಲು ಭಾಗ ಅಂತ ಹಿಡಿದರೂ ಅದರಲ್ಲಿ ಏಳೂವರೆ ಕೋಟಿ ಲೀಟರ್ ನೀರು ಕೂರುತ್ತದೆ. ಅರ್ಧ ಮಾತ್ರ ಕೈಗೆ ಸಿಕ್ಕಿತು ಅಂದುಕೊಂಡರೂ, ತಲೆಗೆ ದಿನಕ್ಕೆ 55 ಲೀಟರ್‌ನಂತೆ 2,000 ಜನರ ಊರಿಗೆ ಸುಮಾರು 340 ದಿನ ಸಾಕು. ಮರಳಿನೊಳಗಿನ ನೀರು ಬಿಸಿಲಿಗೆ ಬೇಗ ಆರೋದೂ ಇಲ್ಲ. ಲಾರಿ, ಟ್ರ್ಯಾಕ್ಟರ್‌ನಲ್ಲಿ ಹೋಗೋದು ಬರೀ ಮರಳಲ್ಲ, ಊರಿನ ತೊಟ್ಟಿಯೇ ಹೋದಂತೆ. ಬುಡದ ಗಟ್ಟಿ ಮಣ್ಣು ಕಂಡ ಮೇಲೆ ಬಂದ ನೀರು ನಿಲ್ಲದೆ ಓಡುತ್ತದೆ. ದಂಡೆಯ ಬೋರ್‌ವೆಲ್‌ಗಳಿಗೂ ಇಳಿಯೋದಿಲ್ಲ.

ಹೊಳೆ ನಂಬಿದ ಜೀವಿಗಳು

ಈ ಸೀಮೆ ಕಾಡಿನ ಸೀಮೆ ಅಲ್ಲ, ಹುಲ್ಲುಗಾವಲು ಮತ್ತು ಕಲ್ಲುಗುಡ್ಡದ ಸೀಮೆ. ಕೃಷ್ಣಮೃಗ, ತೋಳ, ನರಿ ಬಯಲಲ್ಲಿ ಬದುಕುತ್ತವೆ. ಮೊಳಕಾಲ್ಮುರು ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಬೇಸಿಗೆಯಲ್ಲಿ ಇವೆಲ್ಲ ನೀರಿಗೆ ಇಳಿಯುವುದು ಹಳ್ಳ, ಹೊಳೆಗೆ. ಟಿಟ್ಟಿಭ ಹಕ್ಕಿ ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ, ಅದಕ್ಕೆ ತೆರೆದ ದಂಡೆ ಬೇಕು. ಹಳ್ಳದಲ್ಲಿ ನೀರಿಲ್ಲ ಅಂದಾಗ ಪ್ರಾಣಿಗಳು ತೋಟದ ತೊಟ್ಟಿ, ಕೃಷಿ ಹೊಂಡ, ಊರಂಚಿಗೆ ಬರುತ್ತವೆ. ಕರಡಿ ಊರಿಗೆ ಬಂತು ಅನ್ನುವ ಸುದ್ದಿಯ ಹಿಂದೆ ಎಷ್ಟೋ ಸಲ ಒಣಗಿದ ಹಳ್ಳವೊಂದು ಇರುತ್ತದೆ.

ಹೊಳೆಯ ಕೆಳಭಾಗ ಇನ್ನೂ ಸೂಕ್ಷ್ಮ. ಹಗರಿ ತುಂಗಭದ್ರೆ ಸೇರುವ ಸಿರುಗುಪ್ಪ ತಾಲ್ಲೂಕಿನ ಬಯಲಲ್ಲಿ, ಅಳಿವಿನ ಅಂಚಿಗೆ ಬಂದಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ಎರೆಭೂತ, ಬೆರಳೆಣಿಕೆಯಷ್ಟು ಉಳಿದಿದೆ. ತುಂಗಭದ್ರೆಯಲ್ಲಿ ನೀರುನಾಯಿಗಳಿಗೆಂದೇ 2015ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆ ಆಗಿದೆ. ಹೊಳೆಯ ಒಂದು ತುಂಡನ್ನೂ ವನ್ಯಜೀವಿ ನೆಲೆ ಅಂತ ಕಾನೂನಿನಲ್ಲಿ ಗುರುತಿಸಬಹುದು ಅನ್ನುವುದಕ್ಕೆ ಇದು ಹತ್ತಿರದ ಉದಾಹರಣೆ.

ಸರಿಪಡಿಸುವ ಕೆಲಸ ಏನು?

ಹೊಳೆ ಪುನಶ್ಚೇತನ ಅಂದರೆ ಜೆಸಿಬಿ ಬಿಟ್ಟು ಹೂಳು ತೆಗೆಸೋದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಕೆಲಸ ಶುರು ಆಗಬೇಕಾದ್ದು ಮೇಲಿಂದ. ಗುಡ್ಡದ ಇಳಿಜಾರಿನ ಸಣ್ಣ ಸರುವುಗಳಲ್ಲಿ ಕಲ್ಲು ತಡೆ, ಹೊಲದಲ್ಲಿ ಬದು, ಹಳ್ಳದಲ್ಲಿ ಇಂಗುಗುಂಡಿ, ಆಮೇಲೆ ಚೆಕ್ ಡ್ಯಾಂ. ವೇದಾವತಿಯ ಮೇಲ್ಭಾಗ ಚಿಕ್ಕಮಗಳೂರು ಜಿಲ್ಲೆಯಲ್ಲಿ ಆರ್ಟ್ ಆಫ್ ಲಿವಿಂಗ್ ಸಂಸ್ಥೆ ಉದ್ಯೋಗ ಖಾತರಿ ಹಣದ ಜತೆ ಸೇರಿಸಿ ಇಂಥ ಕಲ್ಲು ತಡೆ, ಇಂಗು ಬಾವಿಗಳ ಕೆಲಸ ಮಾಡಿಸಿದೆ. ಯೋಜನೆಯ ತಿಳಿವಳಿಕೆ ಒಬ್ಬರದು, ಕೂಲಿ ಹಣ ಇನ್ನೊಬ್ಬರದು ಎಂಬ ಮಾದರಿ ಅದು.

ಎರಡನೇ ಕೆಲಸ ದಂಡೆಯದು. ಬಳ್ಳಾರಿ ಜಾಲಿಯ ಕಾಯಿ ತಿಂದ ದನ, ಕುರಿಗಳ ಸಗಣಿ, ಹಿಕ್ಕೆಯಲ್ಲಿ ಬೀಜ ಎಲ್ಲ ಕಡೆ ಹರಡುತ್ತದೆ. ಕಡಿದರೆ ಮತ್ತೆ ಚಿಗುರುತ್ತದೆ, ಬೇರುಸಹಿತ ತೆಗೆಯಬೇಕು. ಆದರೆ ಸೌದೆಗೆ, ಇದ್ದಿಲಿಗೆ ಅದನ್ನೇ ನಂಬಿದ ಬಡ ಕುಟುಂಬಗಳಿವೆ. ಹಾಗಾಗಿ ಒಂದೇ ಸಲ ತೆಗೆಯದೆ ತುಂಡು ತುಂಡಾಗಿ ತೆಗೆದು, ಆ ಜಾಗದಲ್ಲಿ ಹೊಂಗೆ, ಬೇವು, ನೇರಳೆ, ಅತ್ತಿ, ಲಕ್ಕಿ ಬೆಳೆಸುವುದು ಸರಿಯಾದ ದಾರಿ.

ಮೂರನೆಯದು, ಮರ ನೆಡಬಾರದ ಕಡೆ ನೆಡದೇ ಇರೋದು. ಕೃಷ್ಣಮೃಗಕ್ಕೂ ಎರೆಭೂತಕ್ಕೂ ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಸಿ ನೆಟ್ಟರೆ ಅದು ಅರಣ್ಯೀಕರಣ ಅನ್ನಿಸಬಹುದು, ಅವುಗಳ ಪಾಲಿಗೆ ಮನೆ ಕೆಡವಿದ ಹಾಗೆ.

ದುಡ್ಡಿನ ಪೆಟ್ಟಿಗೆಗಳು

ಉದ್ಯೋಗ ಖಾತರಿ: ಬದು, ಇಂಗುಗುಂಡಿ, ಚೆಕ್ ಡ್ಯಾಂ, ಸಸಿ ನೆಡುವುದು ಎಲ್ಲಕ್ಕೂ ಅವಕಾಶ ಇದೆ. ಕ್ರಿಯಾಯೋಜನೆಗೆ ಹೆಸರು ಸೇರಿಸುವುದು ಗ್ರಾಮಸಭೆ.

ಗಣಿ ಹಣ: 2015ರ ತಿದ್ದುಪಡಿಯ ನಂತರ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಕುಡಿಯುವ ನೀರು, ಪರಿಸರ ಎರಡೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ಇದಲ್ಲದೆ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಹುಟ್ಟಿದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಯೋಜನೆ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸೇರಿದ್ದು. ಅದರ ಗಾತ್ರ ಸುಮಾರು 25,000 ಕೋಟಿ ರೂಪಾಯಿ. ಗಣಿಬಾಧಿತ ಪ್ರದೇಶ ಯಾವುದು ಅನ್ನುವ ಮೇಲೆ ಯಾವ ಊರಿಗೆ ಎಷ್ಟು ಅನ್ನುವುದು ನಿಂತಿದೆ.

ಕಂಪನಿಗಳ ಸಿಎಸ್‌ಆರ್: 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಪರಿಸರ, ಸಸ್ಯ ಮತ್ತು ಪ್ರಾಣಿ ಸಂರಕ್ಷಣೆ ಆ ಪಟ್ಟಿಯಲ್ಲಿದೆ. ತಾವು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿ ಫ್ಯಾನ್ ತಿರುಗಿಸುವ ಕಂಪನಿಗಳನ್ನು ಈ ಮಾತಿನ ಮೇಲೆ ಕೇಳಬಹುದು.

ಕಾಂಪಾ ನಿಧಿ: ಅರಣ್ಯ ಭೂಮಿ ಬೇರೆ ಕೆಲಸಕ್ಕೆ ಹೋದಾಗ ಕಟ್ಟಿಸಿಕೊಳ್ಳುವ ಹಣ. 2016ರ ಕಾಯ್ದೆಯಂತೆ ಅದರಲ್ಲಿ ಶೇ 90 ರಾಜ್ಯಕ್ಕೆ ಬರುತ್ತದೆ, ಅರಣ್ಯ ಇಲಾಖೆ ಮೂಲಕ ಖರ್ಚಾಗುತ್ತದೆ.

ಇಷ್ಟು ಪೆಟ್ಟಿಗೆ ಇದ್ದೂ ಹೊಳೆಗೆ ಬಾರದಿರಲು ಕಾರಣ ಸರಳ. ಮರಳು ಗಣಿ ಇಲಾಖೆಯದು, ಬ್ಯಾರೇಜ್ ನೀರಾವರಿ ಇಲಾಖೆಯದು, ಪ್ರಾಣಿ ಅರಣ್ಯ ಇಲಾಖೆಯದು, ಹಳ್ಳ ಪಂಚಾಯ್ತಿಯದು. ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆದು ಕೇಳುವ ಜಾಗ ಇಲ್ಲ.

ಕಾವಲಿನ ಪಾಠ

ಸಹಭಾಗಿತ್ವ ಅನ್ನುವ ಮಾತಿಗೆ ಈ ತಾಲ್ಲೂಕಿನ ಜನ ಹುಷಾರಾಗಿರೋಕೆ ಕಾರಣವೂ ಇದೆ. ದೊಡ್ಡ ಉಳ್ಳಾರ್ತಿ, ಕುದಾಪುರ, ವರವು ಭಾಗದ ಅಮೃತಮಹಲ್ ಕಾವಲುಗಳಲ್ಲಿ 9,000 ಎಕರೆಗೂ ಹೆಚ್ಚು ಜಾಗ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ ಮುಂತಾದವಕ್ಕೆ ಹೋಯಿತು. ಕುರಿ, ದನ ಮೇಯಿಸುತ್ತಿದ್ದವರು ಬೇಲಿ ಕಂಡ ಮೇಲೆ ಕೇಳಬೇಕಾಯಿತು. ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ದೇಶಕ್ಕೆ ಆ ಸಂಸ್ಥೆಗಳು ಬೇಕು ಅನ್ನುವುದರಲ್ಲಿ ತಕರಾರಿಲ್ಲ. ಆದರೆ ಹುಲ್ಲು ನಂಬಿದವರನ್ನು ಮೊದಲು ಕೂರಿಸಿ ಮಾತಾಡದಿದ್ದರೆ ಏನಾಗುತ್ತದೆ ಅನ್ನುವುದು ಚಳ್ಳಕೆರೆಗೆ ಗೊತ್ತು. ಹೊಳೆಯ ವಿಷಯದಲ್ಲಿ ಅದು ಮತ್ತೆ ಆಗಬಾರದು.

ಊರಿನ ಕೈಯಲ್ಲಿ ಇದ್ದಾಗ

ರಾಜಸ್ಥಾನದ ಅಲ್ವರ್ ಜಿಲ್ಲೆಯ ಅರ್ವರಿ ನದಿ ಇದಕ್ಕೆ ತಿರುಗಿದ ಉದಾಹರಣೆ. ತರುಣ ಭಾರತ ಸಂಘದ ಜತೆ ಸೇರಿ ಹಳ್ಳಿಯವರೇ ದುಡಿದು ಜೋಹಡ್ ಎಂಬ ಮಣ್ಣಿನ ಒಡ್ಡುಗಳನ್ನು ಕಟ್ಟಿದರು. ಒಣಗಿದ್ದ ಹೊಳೆಯಲ್ಲಿ 1990ರ ದಶಕದಲ್ಲಿ ನೀರು ಬಂತು, ಮೀನೂ ಬಂತು. ಮೀನು ಬಂದ ಕೂಡಲೇ ಮೀನುಗಾರಿಕೆ ಗುತ್ತಿಗೆ ಬೇರೆಯವರಿಗೆ ಹೋಯಿತು! ಹಳ್ಳಿಗರು ಪ್ರತಿಭಟಿಸಿ ಅದನ್ನು ರದ್ದು ಮಾಡಿಸಿದರು. ಆಮೇಲೆ 70ರಷ್ಟು ಹಳ್ಳಿಗಳು ಸೇರಿ ಅರ್ವರಿ ಸಂಸತ್ತು ಕಟ್ಟಿಕೊಂಡು, ನೀರು ಯಾರು ಎಷ್ಟು ಬಳಸಬೇಕು ಅಂತ ತಾವೇ ನಿಯಮ ಮಾಡಿಕೊಂಡವು.

ದೂರದ ಈಕ್ವೆಡಾರ್ ದೇಶದ ಕೀಟೋ ನಗರ 2000ದಲ್ಲಿ ನೀರು ನಿಧಿಯೊಂದನ್ನು ಶುರು ಮಾಡಿತು. ನಗರದ ನೀರು ಸರಬರಾಜು ಸಂಸ್ಥೆ ತನ್ನ ವರಮಾನದ ಒಂದು ಪಾಲನ್ನು ಅದಕ್ಕೆ ಹಾಕುತ್ತದೆ. ಆ ಹಣದಲ್ಲಿ ಮೇಲಿನ ಬೆಟ್ಟದ ಹುಲ್ಲುಗಾವಲು, ನೀರಿನ ಮೂಲ ಕಾಯುತ್ತಾರೆ. ಕುಡಿಯೋರು ಕಾಯೋರಿಗೆ ಕೊಡೋದು, ಅಷ್ಟೇ ಅದರ ಗುಟ್ಟು.

ಈ ಲೆಕ್ಕ ಇಲ್ಲಿಗೆ ಹೊಸದಲ್ಲ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಿಲಾರಿಗಳು ಕಾಯುತ್ತಾರೆ. ಅವನ್ನು ದುಡಿಸುವಂತಿಲ್ಲ, ಮಾರುವಂತಿಲ್ಲ. ಬರ ಬಂದಾಗ ಮೇವು ಹೊಂದಿಸುವುದು ಎಲ್ಲರ ಹೊಣೆ. ಲಾಭ ಇಲ್ಲದ ಜೀವವನ್ನೂ ಊರೆಲ್ಲ ಸೇರಿ ಸಾಕುವ ಪದ್ಧತಿ ಇಲ್ಲಿ ತಲೆತಲಾಂತರದಿಂದ ಇದೆ.

ಪಂಚಾಯ್ತಿ ಮಾಡಬಹುದಾದ್ದು

ಜೀವವೈವಿಧ್ಯ ಕಾಯ್ದೆ, 2002ರಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಹಳ್ಳ, ಕೆರೆಗಳ ದಾಖಲೆ ಇಡುವುದು ಅದರ ಕೆಲಸ. ಹೆಚ್ಚಿನ ಕಡೆ ಸಮಿತಿ ಕಾಗದದಲ್ಲೇ ಉಳಿಯುತ್ತದೆ. ಹೊಳೆ ದಂಡೆಯ ಪಂಚಾಯ್ತಿಗಳು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಮ್ಮ ಸಮಿತಿಯಲ್ಲಿ ಯಾರಿದ್ದಾರೆ, ದಾಖಲೆ ಎಲ್ಲಿದೆ?

ಎರಡನೆಯದು, ಅಕ್ಕಪಕ್ಕದ ಪಂಚಾಯ್ತಿಗಳು ಸೇರಿ ಹೊಳೆಗೆ ಒಂದೇ ಯೋಜನೆ ಬರೆಯುವುದು. ಒಂದು ಊರು ಮರಳು ಉಳಿಸಿ ಪಕ್ಕದ ಊರು ತೆಗೆದರೆ ಉಪಯೋಗ ಇಲ್ಲ. ಯೋಜನೆಯಲ್ಲಿ ಯಾವ ಹಳ್ಳ, ಯಾವ ಕೆಲಸ, ಯಾವ ಪೆಟ್ಟಿಗೆಯ ಹಣ ಅಂತ ಬರೆದರೆ ಅಧಿಕಾರಿಗಳಿಗೂ ಕಂಪನಿಗಳಿಗೂ 'ನೋಡೋಣ' ಅನ್ನೋದು ಕಷ್ಟ.

ಮೂರನೆಯದು, ಹಣ ಕೊಟ್ಟವರ ಜತೆ ಕರಾರು. ಕುರಿಗಾಹಿಗಳ ದಾರಿ, ದನ ನೀರು ಕುಡಿಯುವ ಜಾಗ, ಇದ್ದಿಲು ಸುಡುವವರ ಕೂಲಿ ಅದರಲ್ಲಿ ಇರಬೇಕು. ಐದು ವರ್ಷದ ನಿರ್ವಹಣೆ ಯಾರದು ಅಂತಲೂ ಬರೆದಿರಬೇಕು. ಫಲಕ ಹಾಕಿ ಹೋದ ಮೇಲೆ ಸಸಿಗೆ ನೀರು ಹಾಕೋರು ಯಾರು ಅನ್ನುವಲ್ಲಿಗೇ ಎಷ್ಟೋ ಕೆಲಸ ಕೆಟ್ಟಿದೆ.

ಉದ್ಯೋಗ ಖಾತರಿಯ ಮುಂದಿನ ವರ್ಷದ ಕೆಲಸಗಳನ್ನು ಸಾಮಾನ್ಯವಾಗಿ ಅಕ್ಟೋಬರ್ 2ರ ಹೊತ್ತಿನ ಗ್ರಾಮಸಭೆಗಳಿಂದ ಪಟ್ಟಿ ಮಾಡುತ್ತಾರೆ. ಚರಂಡಿ, ಸಿಸಿ ರಸ್ತೆ ಹೆಸರುಗಳ ಜತೆಗೆ ಊರಿನ ಹಳ್ಳದ ಹೆಸರನ್ನೂ ಯಾರಾದರೂ ಎದ್ದು ನಿಂತು ಹೇಳಬೇಕು. ಡ್ಯಾಂ ಮತ್ತೆ ಯಾವಾಗ ಕೋಡಿ ಬೀಳುತ್ತೋ ಗೊತ್ತಿಲ್ಲ. ಬಿದ್ದಾಗ ಆ ನೀರು ನಿಲ್ಲೋಕೆ ಹೊಳೆಯಲ್ಲಿ ಮರಳು ಇರಬೇಕು.