ಸಂಸ್ಥಾನದಿಂದ ತಾಲ್ಲೂಕಿಗೆ

ಕ್ರಿ.ಶ. 1946ರಲ್ಲಿ ಒಬ್ಬ ಪ್ರಯಾಣಿಕನು ಕಿತ್ತೂರಿನಿಂದ ಮೂಡಣ ದಿಕ್ಕಿಗೆ ಹೊರಟನೆಂದು ಭಾವಿಸೋಣ. ಅವನು ಬೈಲಹೊಂಗಲದ ಹತ್ತಿಯ ಪೇಟೆಯನ್ನು ದಾಟಿ, ಸವದತ್ತಿಯ ಕೋಟೆಯನ್ನು ಕಂಡು, ಮಲಪ್ರಭೆಯ ದಂಡೆಗುಂಟ ತೊರಗಲ್ಲಿಗೆ ಬಂದು, ಅಲ್ಲಿಂದ ರಾಮದುರ್ಗವನ್ನು ಸೇರುತ್ತಾನೆ. ದಾರಿಯುದ್ದಕ್ಕೂ ಅದೇ ಎರೆಯ ನೆಲ, ಅದೇ ಜೋಳ, ಅದೇ ಕನ್ನಡ ನುಡಿ. ಆದರೆ ಈ ಒಂದೇ ಹಾದಿಯಲ್ಲಿ ಅವನು ಮೂರು ಸರ್ಕಾರಗಳ ನೆಲವನ್ನು ತುಳಿದಿರುತ್ತಾನೆ. ಕಿತ್ತೂರು, ಬೈಲಹೊಂಗಲ, ಸವದತ್ತಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ತೊರಗಲ್ಲು ಕೊಲ್ಲಾಪುರದ ಅಧೀನದಲ್ಲಿದ್ದ ಜಹಗೀರು. ರಾಮದುರ್ಗವು ಭಾವೆ ಮನೆತನದ ಅರಸರ ಸಂಸ್ಥಾನ. ಒಂದೂರಿನಲ್ಲಿ ನಡೆಯುವ ಕಾಯಿದೆ ಮುಂದಿನೂರಿನಲ್ಲಿ ನಡೆಯದು; ಇಲ್ಲಿಯ ನ್ಯಾಯಾಧೀಶನ ಮಾತು ಅಲ್ಲಿಗೆ ತಾಗದು.

ಈ ತುಂಡುತುಂಡಾದ ಭೂಪಟವು ಉಂಟಾದ ಬಗೆಯನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ ಇಂಗ್ಲಿಷರು ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು 1824ರ ಅಕ್ಟೋಬರ್ 23ರಂದು ಅವರನ್ನು ಎದುರಿಸಿ ಥ್ಯಾಕರೆಯನ್ನು ಕಳೆದುಕೊಳ್ಳುವಂತೆ ಮಾಡಿದರೂ, ಅದೇ ವರ್ಷದ ಡಿಸೆಂಬರಿನಲ್ಲಿ ಕಿತ್ತೂರು ಸೋತಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಮುಚ್ಚಿದಳು. ಇತ್ತ ರಾಮದುರ್ಗ ಹಾಗೂ ನರಗುಂದಗಳನ್ನು ಒಂದೇ ಮನೆತನದವರು ಆಳುತ್ತಿದ್ದರು. ನರಗುಂದದ ಬಾಬಾಸಾಹೇಬನು 1858ರಲ್ಲಿ ದಂಗೆಯೆದ್ದು, ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್‌ಸನ್ನನನ್ನು ಕೊಂದು, ಕೊನೆಗೆ ಬೆಳಗಾವಿಯಲ್ಲಿ ಗಲ್ಲಿಗೇರಿದನು. ನರಗುಂದವು ಇಂಗ್ಲಿಷರ ಪಾಲಾಯಿತು. ದಂಗೆಯಲ್ಲಿ ಕೂಡದ ರಾಮದುರ್ಗವು ಸಂಸ್ಥಾನವಾಗಿಯೇ ಉಳಿಯಿತು. ಎದುರಿಸಿದವರ ನೆಲವು ನೇರ ಆಳ್ವಿಕೆಗೆ ಒಳಗಾಯಿತು, ತಲೆಬಾಗಿದವರ ಗಾದಿ ಉಳಿಯಿತು. ಈ ಸೀಮೆಯ ಗಡಿಗಳನ್ನು ಎಳೆದುದು ಜನರ ಅನುಕೂಲವಲ್ಲ, ಇಂಗ್ಲಿಷರ ಅನುಕೂಲ.

1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದಾಗ ಇಂಥ ಗಡಿಗಳು ದೇಶದ ತುಂಬ ಹರಡಿಕೊಂಡಿದ್ದವು. ಸುಮಾರು 560 ಸಂಸ್ಥಾನಗಳ ಮೇಲೆ ಬ್ರಿಟಿಷ್ ಚಕ್ರಾಧಿಪತ್ಯಕ್ಕಿದ್ದ ಸಾರ್ವಭೌಮತ್ವವು ಅಂದಿಗೆ ಮುಗಿಯಿತು. ಅದೇ ಸಮಯಕ್ಕೆ ದೇಶವು ಎರಡಾಯಿತು. ಪಂಜಾಬ ಮತ್ತು ಬಂಗಾಲಗಳು ಸೀಳಿದವು. ಒಂದು ಕೋಟಿಗೂ ಮಿಕ್ಕಿದ ಜನರು ಮನೆಮಠ ತೊರೆದು ಗಡಿಯನ್ನು ದಾಟಿದರು. ಲಕ್ಷಾಂತರ ಮಂದಿ ದಾರಿಯಲ್ಲಿಯೇ ಪ್ರಾಣ ಬಿಟ್ಟರು. ಸಿಂಧ ಪ್ರಾಂತದಿಂದ ಹಡಗುಗಳಲ್ಲಿ ಬಂದ ನಿರಾಶ್ರಿತರಿಗೆ ಮುಂಬಯಿ ಸರ್ಕಾರವು ನೆಲೆಯನ್ನು ಕಲ್ಪಿಸಬೇಕಾಯಿತು. ಕಲ್ಯಾಣದ ಬಳಿಯ ಸೈನಿಕ ಶಿಬಿರದಲ್ಲಿ ಅವರನ್ನಿರಿಸಿದ ತಾಣವೇ ಇಂದಿನ ಉಲ್ಹಾಸನಗರ.

ಮಲಪ್ರಭೆಯ ಸೀಮೆಯು ಆ ರಕ್ತಪಾತದಿಂದ ದೂರವಿತ್ತು, ನಿಜ. ಆದರೆ ದೇಶವಿಭಜನೆಯ ಪೆಟ್ಟು ಇಲ್ಲಿಯ ಸಂತೆಯವರೆಗೂ ಬಂದಿತು. ಉದ್ದ ಎಳೆಯ ಹತ್ತಿಯನ್ನು ಬೆಳೆಯುತ್ತಿದ್ದ ಸಿಂಧ ಮತ್ತು ಪಶ್ಚಿಮ ಪಂಜಾಬಗಳು ಪಾಕಿಸ್ತಾನಕ್ಕೆ ಹೋದವು; ಆ ಹತ್ತಿಯನ್ನು ನೂಲುವ ಗಿರಣಿಗಳಲ್ಲಿ ಬಹುಪಾಲು ಭಾರತದಲ್ಲಿ ಉಳಿದವು. ಗಿರಣಿಯುಂಟು, ಹತ್ತಿಯಿಲ್ಲ ಎಂಬ ಸ್ಥಿತಿ. ಬಂಗಾಲದ ಸೆಣಬಿನದೂ ಇದೇ ಕಥೆ. ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯಂಥ ಹತ್ತಿಯ ಸೀಮೆಗಳತ್ತ ದೇಶವು ಹೊಸದಾಗಿ ನೋಡಬೇಕಾಯಿತು. ಆದರೆ ಆಹಾರಧಾನ್ಯದ ಅಭಾವವೂ ಅಷ್ಟೇ ತೀವ್ರವಾಗಿತ್ತು. ರೈತನು ಹತ್ತಿ ಬಿತ್ತಬೇಕೋ, ಜೋಳ ಬಿತ್ತಬೇಕೋ? ಸರ್ಕಾರವು 1947ರ ಕೊನೆಗೆ ಧಾನ್ಯದ ಮೇಲಿನ ನಿಯಂತ್ರಣವನ್ನು ಸಡಿಲಿಸಿತು. ಬೆಲೆಗಳು ಏರಿದುದರಿಂದ 1948ರಲ್ಲಿ ಅದನ್ನು ಮತ್ತೆ ಹೇರಬೇಕಾಯಿತು. ಹೊಸ ಸರ್ಕಾರವು ನಡೆಯುತ್ತಲೇ ನಡೆಯುವುದನ್ನು ಕಲಿಯುತ್ತಿತ್ತೆಂದರೆ ತಪ್ಪಾಗದು.

ಸಂಸ್ಥಾನಗಳ ಹೊಣೆಯನ್ನು ಹೊತ್ತವರು ಸರ್ದಾರ್ ವಲ್ಲಭಭಾಯಿ ಪಟೇಲರು. ಅವರ ಕೈಕೆಳಗೆ ಸಂಸ್ಥಾನ ಖಾತೆಯ ಕಾರ್ಯದರ್ಶಿಗಳಾಗಿದ್ದವರು ವಿ. ಪಿ. ಮೆನನ್. ಮೊದಲು ಅವರು ಅರಸರಿಂದ ಬೇಡಿದುದು ಮೂರೇ ವಿಷಯ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಈ ಮೂರನ್ನು ಭಾರತಕ್ಕೆ ಒಪ್ಪಿಸುವ ಪತ್ರಕ್ಕೆ ಸಹಿಮಾಡಿದರೆ ಉಳಿದ ಆಡಳಿತವೆಲ್ಲ ಅರಸರದೇ. ಆದರೆ ಸುಮಾರು 169 ಚದರ ಮೈಲಿಯ ರಾಮದುರ್ಗದಂಥ ಸಂಸ್ಥಾನವು ತನ್ನದೇ ನ್ಯಾಯಾಲಯ, ಪೊಲೀಸು, ಶಾಲೆ, ಆಸ್ಪತ್ರೆಗಳನ್ನು ಎಷ್ಟರಮಟ್ಟಿಗೆ ನಡೆಸಬಲ್ಲುದು? ದಕ್ಷಿಣದ ಕೆಲವು ಸಣ್ಣ ಸಂಸ್ಥಾನಗಳ ಅರಸರು ತಾವೆಲ್ಲ ಕೂಡಿ ಒಂದು ಒಕ್ಕೂಟವನ್ನು ಕಟ್ಟಲೆಳಸಿದರು. ಆದರೆ ಅವರ ನೆಲಗಳು ಒಂದಕ್ಕೊಂದು ಹೊಂದಿಕೊಂಡಿರಲಿಲ್ಲ. ಮರಾಠಿಯ ಹಳ್ಳಿಗಳೂ ಕನ್ನಡದ ಹಳ್ಳಿಗಳೂ ಅದರಲ್ಲಿ ಬೆರೆತಿದ್ದವು. ಜಮಖಂಡಿಯ ಅರಸರು ಪ್ರಜೆಗಳ ಇಚ್ಛೆಯಂತೆ ವಿಲೀನವಾಗಲು ಮುಂದಾದರು. ಒಕ್ಕೂಟವು ಬಾಳಲಿಲ್ಲ.

ರಾಮದುರ್ಗದ ಪ್ರಜೆಗಳು ಇದಕ್ಕೂ ಮೊದಲೇ ಎಚ್ಚತ್ತಿದ್ದರು. ಜವಾಬ್ದಾರಿ ಸರ್ಕಾರವನ್ನೂ ಕಂದಾಯದಲ್ಲಿ ರಿಯಾಯಿತಿಯನ್ನೂ ಬೇಡಿ ಅಲ್ಲಿ ಚಳವಳಿಯು ಎದ್ದು, 1939ರ ಏಪ್ರಿಲಿನಲ್ಲಿ ಅದು ಹಿಂಸೆಗೆ ತಿರುಗಿತು. ಮುಖಂಡರ ಬಂಧನದಿಂದ ಕೆರಳಿದ ಜನರು ಸೆರೆಮನೆಯತ್ತ ನುಗ್ಗಿದರು, ಪೊಲೀಸರು ಹತರಾದರು, ಹಲವರಿಗೆ ಕಠೋರ ಶಿಕ್ಷೆಯಾಯಿತು. ಮಹಾತ್ಮಾ ಗಾಂಧಿಯವರು ಜನರ ಹಿಂಸಾಕೃತ್ಯವನ್ನು ಖಂಡಿಸಿ ಬರೆದರು. ಜನರ ನೋವು ಸುಳ್ಳಾಗಿರಲಿಲ್ಲ. ಆದರೆ ಕೊಲೆಗೆ ಬಲಿಯಾದ ಸಾಮಾನ್ಯ ಸಿಪಾಯಿಗಳು ಆ ನೋವಿಗೆ ಕಾರಣರೂ ಆಗಿರಲಿಲ್ಲ. ಇವೆರಡನ್ನೂ ಒಟ್ಟಿಗೆ ನೆನೆಯುವುದು ಸುಲಭವಲ್ಲ, ಆದರೂ ನೆನೆಯಬೇಕು.

1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಅದರ ಬೆನ್ನಿಗೇ ಸಾತಾರಾ, ಸಾಂಗಲಿ, ಕೊಲ್ಲಾಪುರಗಳ ಕಡೆ ಕೊಲೆಗಾರನ ಜಾತಿಯವರೆಂಬ ಒಂದೇ ಕಾರಣಕ್ಕೆ ನಿರಪರಾಧಿಗಳ ಮನೆಗಳನ್ನು ಸುಡಲಾಯಿತು. ಬೆರಳೆಣಿಕೆಯ ಪೊಲೀಸರಿರುವ ಸಣ್ಣ ಸಂಸ್ಥಾನಗಳು ಇಂಥ ಗಲಭೆಯನ್ನು ತಡೆಯಲಾರವೆಂಬುದು ಎಲ್ಲರಿಗೂ ಮನದಟ್ಟಾಯಿತು. 1948ರ ಮಾರ್ಚ್ 8ರಂದು ರಾಮದುರ್ಗವು ಜಮಖಂಡಿ, ಮುಧೋಳ, ಸವಣೂರು ಮೊದಲಾದ ಸಂಸ್ಥಾನಗಳೊಡನೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸರಿಗೆ ರಾಜಧನವು ಗೊತ್ತಾಯಿತು. ಅದು 1971ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ನಿಂತಿತು. ಕೊಲ್ಲಾಪುರವು 1949ರ ಮಾರ್ಚ್ 1ರಂದು ವಿಲೀನವಾದಾಗ ತೊರಗಲ್ಲಿನ ಗಡಿಯೂ ಅಳಿಸಿತು. ಸಂಸ್ಥಾನವಾಗಿದ್ದ ರಾಮದುರ್ಗವು ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕಾಯಿತು.

ಮೂಡಣಕ್ಕೆ ಇನ್ನೊಂದು ಗಡಿ ಉಳಿದಿತ್ತು. ಹೈದರಾಬಾದಿನ ನಿಜಾಮನು ಭಾರತವನ್ನು ಸೇರಲು ಒಪ್ಪಿರಲಿಲ್ಲ. ರಜಾಕಾರರ ಹಾವಳಿಗೆ ಅಂಜಿ ರಾಯಚೂರು, ಕೊಪ್ಪಳ ಸೀಮೆಗಳ ಜನರು ಮುಂಬಯಿ ಪ್ರಾಂತದ ಊರುಗಳಿಗೆ ಓಡಿಬಂದರು. ಅವರ ನೆರವಿಗಾಗಿಯೂ ಹೋರಾಟಕ್ಕಾಗಿಯೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳ್ತನದಲ್ಲಿ ಶಿಬಿರಗಳು ನಡೆದವು. ಪಂಜಾಬದ ನಿರಾಶ್ರಿತರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದ ಕನ್ನಡಿಗರು ಈಗ ನಿರಾಶ್ರಿತರನ್ನು ತಮ್ಮ ಬಾಗಿಲಲ್ಲಿಯೇ ಕಂಡರು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯಿಂದ ಹೈದರಾಬಾದು ಭಾರತದ ಅಂಗವಾಯಿತು. ಅದರ ಬಳಿಕ ಆ ಸೀಮೆಯ ಹಲವೆಡೆ ಮುಸಲ್ಮಾನರ ಮೇಲೆ ಹಿಂಸಾಚಾರವೂ ನಡೆಯಿತೆಂಬುದನ್ನು ಇಲ್ಲಿ ಬಚ್ಚಿಡಲಾಗದು.

ಗಡಿಕಲ್ಲನ್ನು ಕಿತ್ತಷ್ಟು ಸುಲಭವಾಗಿ ಒಕ್ಕಲಿಗನ ಬಾಳು ಬದಲಾಗಲಿಲ್ಲ. ಇನಾಮು, ವತನ, ದೇಸಗತಿಗಳು ತುಂಬಿದ ಈ ಸೀಮೆಯಲ್ಲಿ ಉಳುವವನೊಬ್ಬ, ಒಡೆಯನೊಬ್ಬ. 1948ರ ಮುಂಬಯಿ ಗೇಣಿ ಮತ್ತು ಕೃಷಿಭೂಮಿ ಕಾಯಿದೆಯು ಗೇಣಿಗೆ ಮಿತಿಯನ್ನು ವಿಧಿಸಿ ಗೇಣಿದಾರನಿಗೆ ರಕ್ಷಣೆಯನ್ನಿತ್ತಿತು. ಆದರೆ ಗೇಣಿಯು ಬಾಯಿಮಾತಿನದಾಗಿದ್ದಲ್ಲಿ ಗೇಣಿದಾರನ ಹೆಸರು ಪಹಣಿಯಲ್ಲಿಯೇ ಇರುತ್ತಿರಲಿಲ್ಲ. ಹೆಸರಿಲ್ಲದವನಿಗೆ ಕಾಯಿದೆಯು ಹೇಗೆ ನೆರವಾದೀತು?

ಇನ್ನು ಮತದಾನ. ದೇಶದಲ್ಲಿ ನೂರಕ್ಕೆ ಹದಿನೆಂಟರಷ್ಟು ಜನ ಮಾತ್ರ ಅಕ್ಷರ ಬಲ್ಲವರಾಗಿದ್ದಾಗ 17 ಕೋಟಿಗೂ ಹೆಚ್ಚು ವಯಸ್ಕರಿಗೆ ಮತದ ಹಕ್ಕನ್ನು ಕೊಟ್ಟುದು ದಿಟ್ಟತನದ ಕೆಲಸ. ಓದು ಬಾರದವರಿಗಾಗಿ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆಯನ್ನಿರಿಸಿ ಅದರ ಮೇಲೆ ಗುರುತನ್ನು ಅಂಟಿಸಿದ್ದರು. ಹನ್ನೆರಡು ವರ್ಷಗಳ ಹಿಂದೆ ಜವಾಬ್ದಾರಿ ಸರ್ಕಾರವನ್ನು ಬೇಡಿ ಸೆರೆ ಕಂಡ ರಾಮದುರ್ಗದ ಜನರು 1952ರ ಮೊದಲಲ್ಲಿ ಸಾಲುಗಟ್ಟಿ ನಿಂತು ತಮ್ಮ ಪ್ರತಿನಿಧಿಯನ್ನು ಆರಿಸುವ ಚೀಟಿಯನ್ನು ಪೆಟ್ಟಿಗೆಗೆ ಹಾಕಿದರು.

ಭಾಷೆಯ ಪ್ರಶ್ನೆಯು ಮಾತ್ರ ಇನ್ನೂ ಬಗೆಹರಿದಿರಲಿಲ್ಲ. ಧರ್ಮದ ಹೆಸರಿನಲ್ಲಿ ಒಮ್ಮೆ ಒಡೆದ ದೇಶವನ್ನು ಭಾಷೆಯ ಹೆಸರಿನಲ್ಲಿ ವಿಂಗಡಿಸಲು ದಿಲ್ಲಿಯ ನಾಯಕರು ಅಳುಕಿದರು. ಆ ಅಳುಕಿಗೆ ಕಾರಣವಿಲ್ಲದಿರಲಿಲ್ಲ. ಆದರೆ ಮುಂಬಯಿ ರಾಜ್ಯದ ಒಂದು ಮೂಲೆಯಲ್ಲಿ ಉಳಿದ ಕನ್ನಡಿಗರ ಅಸಮಾಧಾನವೂ ಬೆಳೆಯುತ್ತಿತ್ತು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೈಕೊಂಡರು. ಹುಬ್ಬಳ್ಳಿಯಲ್ಲಿ ಜನರು ರೊಚ್ಚಿಗೆದ್ದರು. ಅದೇ ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗದ ನೇಮಕವಾಯಿತು. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕೊಂದನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು. ಒಂದು ಕಾಲಕ್ಕೆ ಮೂರು ಸರ್ಕಾರಗಳ ನೆಲದಲ್ಲಿ ಹರಿಯುತ್ತಿದ್ದ ಹೊಳೆಯ ನೀರು ಈಗ ಅಲ್ಲಿಂದ ಕಾಲುವೆಗಳಲ್ಲಿ ಸವದತ್ತಿ, ರಾಮದುರ್ಗ, ನರಗುಂದಗಳ ಹೊಲಗಳಿಗೆ ಹರಿಯುತ್ತದೆ.